ಪೊಲೀಸ್ ವೆರಿಫಿಕೇಶನ್ ಫಾರಂ ಬಗ್ಗೆ ದೊಡ್ಡಪ್ಪನ ಉತ್ತರ

ಪುಟ್ಟಿ, ಬೆಳಗ್ಗೆ ನೀನು ಗ್ರೂಪಿಗೆ ಹಾಕಿದ್ದು ಕೇಳಿದೆ. ಮಗನ ಹೆಸರು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಲಿಸ್ಟಲ್ಲಿ ಬಂದಿದೆ, ಪೊಲೀಸ್ ವೆರಿಫಿಕೇಶನ್ ಫಾರಂ ಕೊಟ್ಟಿದ್ದಾರೆ, ಬದುವಿನ ಜಗಳದ ಕೇಸು ಇನ್ನೂ ಕೋರ್ಟಲ್ಲಿದೆ, ಅದನ್ನ ಬರೀಬೇಕಾ ಬೇಡ್ವಾ ಅಂತ. ಅದರ ಕೆಳಗೇ ನಿಮ್ಮ ಭಾವ "ರಾಜಿ ಆಗೋ ಕೇಸು, ಇಲ್ಲ ಅಂತ ಹಾಕು, ಯಾರಿಗೆ ಗೊತ್ತಾಗುತ್ತೆ" ಅಂದಿದ್ದಾರೆ. ಬೇಡಮ್ಮ. ಆ ಕಾಲಂನಲ್ಲಿ 'ಇಲ್ಲ' ಅಂತ ಮಾತ್ರ ಬರೆಸಬೇಡ.

ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಲ್ಲಿ, ಅಂದ್ರೆ ನೌಕರರ ನೇಮಕಾತಿ ಫೈಲು ನೋಡೋ ಕಡೆ ಇದ್ದೋನು ನಾನು, ನಿಮಗೆಲ್ಲ ಗೊತ್ತೇ ಇದೆ. ಅಲ್ಲೊಬ್ಬ ಹುಡುಗ ಬಂದಿದ್ದ, ಪ್ರೊಬೇಷನ್ನು, ಕೆಲಸದಲ್ಲಿ ಚುರುಕು. ಅವನ ಊರಲ್ಲಿ ಜಾತ್ರೆ ಗಲಾಟೆ ಕೇಸಿತ್ತು, ಐಪಿಸಿ 323, 504, ಅಂದ್ರೆ ಹೊಡೆದಿದ್ದು, ಬೈದಿದ್ದು, ಅಷ್ಟೇ. ಫಾರಂನಲ್ಲಿ 'ನಿಮ್ಮ ಮೇಲೆ ಯಾವುದಾದರೂ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಇದೆಯೇ' ಅಂತ ಕೇಳಿದ್ದಕ್ಕೆ 'ಇಲ್ಲ' ಅಂದಿದ್ದ. ಕೆಲಸಕ್ಕೆ ಸೇರಿದ ಮೇಲೆ ಠಾಣೆಯಿಂದ ವರದಿ ಬಂತು. ಠಾಣೆಯ ಕ್ರೈಂ ನಂಬರ್, ಕೋರ್ಟಿನ ಸಿಸಿ (ಕ್ರಿಮಿನಲ್ ಕೇಸ್) ನಂಬರ್, ಇವನು ನಾಲ್ಕನೇ ಆರೋಪಿ. ನೋಟಿಸ್ ಕೊಟ್ಟರೆ "ಕೇಸಿರೋದು ನನಗೆ ಗೊತ್ತೇ ಇರಲಿಲ್ಲ" ಅಂತ ಉತ್ತರ ಬರೆದುಕೊಟ್ಟ. ಪೂರ್ತಿ ಕೆಟ್ಟಿದ್ದೇ ಅಲ್ಲಿ. ವರದಿ ಜೊತೆ ಜಾಮೀನು ಬಾಂಡಿನ ಜೆರಾಕ್ಸ್ ಇತ್ತು, ತಾರೀಖು ಫಾರಂಗಿಂತ ಹಿಂದಿನದು. ಕೊನೇ ಅಕ್ಷರದ ಬಾಲ ಉದ್ದಕ್ಕೆ ಎಳೆದು ಕೆಳಗೆ ಎರಡು ಚುಕ್ಕಿ ಇಡೋ ಸಹಿ ಅವನದು. ಬಾಂಡಲ್ಲೂ ಅದೇ, ಫಾರಂನಲ್ಲೂ ಅದೇ, ಎರಡೂ ಒಂದೇ ಫೈಲಲ್ಲಿ. ಇನ್ನೇನು ವಾದ ಮಾಡೋದು? ಪ್ರೊಬೇಷನ್ನಲ್ಲೇ ಕೆಲಸದಿಂದ ಬಿಡುಗಡೆ ಮಾಡಿದರು. ಆಮೇಲೆ ಸಾಕ್ಷಿಗಳು ಉಲ್ಟಾ ಹೊಡೆದು ಕೇಸೂ ಖುಲಾಸೆ ಆಯ್ತು. ತೀರ್ಪು ಹಿಡ್ಕೊಂಡು ಬಂದ, ಉಪಯೋಗ ಆಗಲಿಲ್ಲ. ಕೆಲಸ ಹೋಗಿದ್ದು ಹೊಡೆದಾಟಕ್ಕಲ್ಲ, ಸುಳ್ಳು ಬರೆದಿದ್ದಕ್ಕೆ.

ಅವನೊಬ್ಬನ ಕಥೆ ಅಂದ್ಕೋಬೇಡ. ಕೇಂದ್ರೀಯ ವಿದ್ಯಾಲಯದ ಪಿಟಿ ಮೇಷ್ಟ್ರ ಕೇಸಿನಲ್ಲಿ ಸುಪ್ರೀಂ ಕೋರ್ಟು 2003ರಲ್ಲೇ ಹೀಗೆ ಹೇಳಿತು. ಅವರ ಮೇಲಿದ್ದದ್ದೂ ಹೊಡೆದಾಟದ ಕೇಸೇ, ಅದನ್ನ ಸರ್ಕಾರ ಆಮೇಲೆ ವಾಪಸ್ ತಗೊಂಡಿತ್ತು. ಹಿಂದಿ ಮೀಡಿಯಂನಲ್ಲಿ ಓದಿದ್ದು, ಇಂಗ್ಲಿಷ್ ಫಾರಂ ಅರ್ಥ ಆಗಲಿಲ್ಲ ಅಂದರು. ಬಿಎಡ್, ಎಂಎಡ್ ಮಾಡಿರೋರು ಹಾಗನ್ನೋದನ್ನ ಕೋರ್ಟು ಒಪ್ಪಲಿಲ್ಲ, ಕೆಲಸ ಹೋಯ್ತು. 2016ರಲ್ಲಿ ಅವತಾರ್ ಸಿಂಗ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು ಸ್ವಲ್ಪ ಸಡಿಲ ಮಾಡಿದರು. ಇದ್ದದ್ದು ಇದ್ದ ಹಾಗೆ ಬರೆದಿದ್ದು ಕೇಸೂ ಚಿಕ್ಕದಾಗಿದ್ದರೆ, ಅದರ ತೀರ್ಮಾನಕ್ಕೆ ಒಳಪಟ್ಟು ಕೆಲಸ ಕೊಡಬಹುದು. ಮುಚ್ಚಿಟ್ಟಿದ್ದು ಚಿಕ್ಕ ವಿಷಯವೇ ಆಗಿದ್ದರೆ ಅಧಿಕಾರಿಗಳು ಮನ್ನಿಸಲೂಬಹುದು. ಫಾರಂನಲ್ಲಿ ಕೇಳದೇ ಇದ್ದದ್ದನ್ನ ಹೇಳಲಿಲ್ಲ ಅಂತ ಶಿಕ್ಷೆ ಕೊಡೋ ಹಾಗಿಲ್ಲ. ಆದ್ರೆ ಅದೆಲ್ಲ 'ಬಹುದು'. ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತೇನೂ ಇಲ್ಲ, ಪೊಲೀಸ್ ಇಲಾಖೆಯಂಥ ಕಡೆ ಇನ್ನೂ ಬಿಗಿ. ಖಾಯಂ ಆದವರನ್ನ ಇಲಾಖಾ ವಿಚಾರಣೆ ಇಲ್ಲದೆ ತೆಗೆಯೋಕಾಗಲ್ಲ, ಪ್ರೊಬೇಷನ್ನಲ್ಲಿ ಅಷ್ಟು ರಕ್ಷಣೆ ಇಲ್ಲ. ಬರೆದವನ ಪರವಾಗಿ ಮಾತಾಡೋಕೆ ಒಂದು ದಾರಿ ಇರುತ್ತೆ, ಮುಚ್ಚಿಟ್ಟವನಿಗೆ ಬರೀ ಗೋಗರೆಯೋದು. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, 'ಇಲ್ಲ' ಅಂತ ಬರೆಸಬೇಡ.

ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಆ ಹೊಲದ ಬದು ವಿಚಾರದಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇಯರ್ ಬಂದು ಅಳೆದು ಗಡಿ ತೋರಿಸಲಿ, ಕಲ್ಲು ನೆಡೋಣ ಅಂತ ನಾನು ಬಡ್ಕೊಂಡೆ. ಯಾರೂ ಕೇಳಲಿಲ್ಲ. ಮದುವೆ ಪತ್ರಿಕೇಲಿ ಮೊದಲು ಹೆಸರು ಹಾಕೋಕೆ ಮಾತ್ರ ನಾನು ಹಿರಿಯ. ಪಕ್ಕದ ಹೊಲದೋರು ಕಂಪ್ಲೇಂಟ್ ಕೊಟ್ಟರು, ನಮ್ಮೋರು ಕೌಂಟರ್ ಕೇಸು ಹಾಕಿದರು. ಹಾಸ್ಟೆಲ್ಲಲ್ಲಿ ಓದ್ಕೊಂಡು, ಹಬ್ಬಕ್ಕೆ ಅಂತ ಊರಿಗೆ ಬಂದಿದ್ದ ಹುಡುಗ ಐದನೇ ಆರೋಪಿ! ಓದೋ ಮಕ್ಕಳಿಗೆ ಸರ್ಕಾರಿ ಕೆಲಸ ಸಿಗಬಾರದು ಅಂತಲೇ ಹೆಸರು ಸೇರಿಸ್ತಾರೆ. ನಮ್ಮ ಕಡೆಯೋರೂ ಅವರ ಮಗನ ಹೆಸರು ಸೇರಿಸಿದರಲ್ಲ, ಅದೂ ತಪ್ಪೇ. ಅವನೂ ನಾಳೆ ಇದೇ ಫಾರಂ ತುಂಬಬೇಕು.

ಅಯ್ಯೋ, ಮಾಡಬೇಕಾದ್ದೇ ಹೇಳಲಿಲ್ಲ ನೋಡು. ನಾಳೆ ಬೆಳಗ್ಗೆ ವಕೀಲರನ್ನ ಕರ್ಕೊಂಡು ಕೋರ್ಟಿನ ನಕಲು ಶಾಖೆಗೆ ಹೋಗಲಿ. ಎಫ್‌ಐಆರ್, ಚಾರ್ಜ್‌ಶೀಟ್, ಇಲ್ಲೀತನಕದ ಆರ್ಡರ್ ಶೀಟು, ಮೂರಕ್ಕೂ ದೃಢೀಕೃತ ನಕಲಿಗೆ ಅರ್ಜಿ ಹಾಕಲಿ. ಇ-ಕೋರ್ಟ್ಸ್ ಆ್ಯಪಲ್ಲಿ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರೋ ಗುರುತಿನ ಸಂಖ್ಯೆ) ಹಾಕಿದರೆ ಕೇಸು ಯಾವ ಹಂತದಲ್ಲಿದೆ ಅಂತ ಕಾಣುತ್ತೆ. ಅವನ ಹೆಸರಲ್ಲಿ ಬೇರೆ ಯಾವುದೂ ಇಲ್ಲ ಅನ್ನೋದನ್ನೂ ಅಲ್ಲೇ ಹುಡುಕಿ ನೋಡಲಿ.

ಫಾರಂನಲ್ಲಿ 'ಹೌದು' ಅಂತ ಬರೆದು ಠಾಣೆ, ಕ್ರೈಂ ನಂಬರ್, ಸಿಸಿ ನಂಬರ್, ಕೋರ್ಟು, ಕಲಂ, ಈಗಿನ ಹಂತ ಎಲ್ಲ ತುಂಬಲಿ. ಜಾಗ ಸಾಲದಿದ್ದರೆ 'ಲಗತ್ತು ನೋಡಿ' ಅಂತ ಬೇರೆ ಹಾಳೇಲಿ ಬರೆದು ಸಹಿ ಹಾಕಲಿ. ಕಲಂ ಚಾರ್ಜ್‌ಶೀಟಲ್ಲಿ ಇರೋ ಹಾಗೇ ಇರಲಿ. 2024ರ ಜುಲೈ 1 ಆದಮೇಲಿನ ಗಲಾಟೆ ಆದ್ದರಿಂದ ಹಳೇ ಐಪಿಸಿಯ 323, 504, 506 ಅಲ್ಲ, ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 115(2), 352, 351(2) ಅಂತ ಇರುತ್ತೆ. ಬಂಧನ ಆಗಿದೆಯಾ, ಜಾಮೀನು ಆಗಿದೆಯಾ ಅಂತ ಬೇರೆ ಕಾಲಂ ಇದ್ದರೆ ಅದನ್ನೂ ಖಾಲಿ ಬಿಡಬಾರದು. ತುಂಬಿದ ಫಾರಂನ ಪುಟಪುಟವೂ ಜೆರಾಕ್ಸ್ ತೆಗೆದಿಟ್ಕೊಂಡು, ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಲಿ. ಆಗಲೇ 'ಇಲ್ಲ' ಅಂತ ಕೊಟ್ಟುಬಿಟ್ಟಿದ್ದರೆ ಪೊಲೀಸ್ ವರದಿ ಹೋಗೋಕೆ ಮುಂಚೆಯೇ ನೇಮಕಾತಿ ಪ್ರಾಧಿಕಾರಕ್ಕೆ ತಿದ್ದುಪಡಿ ಪತ್ರ ಬರೆದು ಸೀಲು ಹಾಕಿಸ್ಕೊಂಡು ಬರಲಿ.

ಊರ ಪಂಚಾಯ್ತಿಯಲ್ಲಿ ರಾಜಿ ಆಯ್ತು ಅಂದ್ರೆ ಕೇಸು ಮುಗೀತು ಅಂತಲ್ಲ. ಈ ಕಲಂಗಳು ರಾಜಿಗೆ ಬರ್ತವೆ, ಆದ್ರೆ ಎರಡೂ ಕಡೆಯೋರು ಕೋರ್ಟಿಗೇ ಬಂದು ಅರ್ಜಿ ಹಾಕಿ ಆದೇಶ ಆಗಬೇಕು. ಆಗ ಅದು ಖುಲಾಸೆಗೆ ಸಮ. ಲೋಕ್ ಅದಾಲತ್‌ನಲ್ಲೂ ಮಾಡಿಸಬಹುದು, ವಕೀಲರನ್ನ ಕೇಳು. ಆದೇಶ ಬಂದಮೇಲೆ ಅದರ ನಕಲನ್ನೂ ಇಲಾಖೆಗೆ ಕೊಡಬೇಕು.

ಹುಡುಗನಿಗೆ ಹೆದರಬೇಡ ಅನ್ನು. ಮೊದಲು ಪೆನ್ಸಿಲಲ್ಲಿ ತುಂಬಿ ಫೋಟೋ ನನ್ನ ನಂಬರಿಗೆ ಕಳಿಸಲಿ, ನೋಡಿ ಹೇಳ್ತೀನಿ. ಗ್ರೂಪಿಗೆ ಹಾಕಬೇಡಿ.