ಬೆಳಕು ಯಾವ ಕಡೆಯಿಂದ ಬರುತ್ತಿದೆ, ಪುಟ್ಟಿ?

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಚಿತ್ರವನ್ನು ಈಗಷ್ಟೇ ನೋಡಿದೆ. ಫೋಟೋ ಆಲ್ಬಮ್ಮಿನ ಮುಖಪುಟಕ್ಕೆ ‘ನಮ್ಮವರು’ ಅಂತ ಮರದ ಅಕ್ಷರ ಮಾಡಿದ್ದೀಯ. “ಮರದಲ್ಲಿ ಕೆತ್ತಿದ ಹಾಗೆ ಬರಲಿ ಅಂತ ಮಾಡಿದೆ, ಮರದ ಸ್ಟಿಕ್ಕರ್ ಅಂಟಿಸಿದ ಹಾಗೆ ಬಂದಿದೆ, ಎಲ್ಲಿ ತಪ್ಪಾಯ್ತು?” ಅಂತ ಕೇಳಿದ್ದೀಯ. ವಾಯ್ಸ್ ಮೆಸೇಜ್ ಕಳಿಸೋಣ ಅಂತ ಎರಡು ಸಲ ಮೈಕ್ ಒತ್ತಿದೆ. ಎರಡು ಸಲವೂ ಮಧ್ಯದಲ್ಲೇ ಬೆರಳು ಜಾರಿ ಹೋಯಿತು. ಅದಕ್ಕೇ ಮಾತಾಡಿದ ಹಾಗೆಯೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ. ಬೇಡದವರು ಸುಮ್ನೆ ಮುಂದೆ ಹೋಗಿ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿನ್ನ ಚಿತ್ರ ನೋಡಿ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಹಿಂದೆ ತಿಳಿ ಬಣ್ಣ ಇದೆ. ಅದರ ಮೇಲೆ ಅಕ್ಷರ. ಅಕ್ಷರದೊಳಗೆ ಮರದ ಫೋಟೋ. ಅಕ್ಷರದ ಹೊರಗೆ, ಕೆಳಗಡೆ ಕಪ್ಪು ನೆರಳು. ಈಗ ಯೋಚನೆ ಮಾಡು. ಹೊರಗೆ ಬಿದ್ದ ನೆರಳು ಕಣ್ಣಿಗೆ ಏನು ಹೇಳುತ್ತದೆ? “ನಾನು ಮೇಲೆ ಇದ್ದೇನೆ, ನನ್ನ ನೆರಳು ಕೆಳಗೆ ಬಿದ್ದಿದೆ” ಅನ್ನುತ್ತದೆ. ಕೆತ್ತಿದ ಅಕ್ಷರ ಮೇಲೆ ಇರುವುದಿಲ್ಲ, ಅದು ಹಳ್ಳ. ಹಳ್ಳದ ನೆರಳು ಹಳ್ಳದೊಳಗೇ ಬೀಳುತ್ತದೆ, ಅಲ್ವಾ? ಇನ್ನೊಂದು, ಹಲಗೆಯಲ್ಲಿ ಕೆತ್ತಿದರೆ ಅಕ್ಷರದ ಒಳಗೂ ಹೊರಗೂ ಅದೇ ಹಲಗೆ ಇರಬೇಕು. ಹೊರಗಿನ ಮರದ ಗೆರೆ ಒಳಗೂ ಹಾಗೇ ಹರಿದು ಹೋಗಬೇಕು. ನೀನು ಹೊರಗಡೆ ಮರವನ್ನೇ ಇಟ್ಟಿಲ್ಲ. ಹಾಗಾಗಿ ನೀನು ಮಾಡಿದ್ದು ಕತ್ತರಿಸಿ ಅಂಟಿಸಿದ ಅಕ್ಷರ. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ. ನೀನು ಕೇಳಿದ್ದನ್ನೇ ಕೊಟ್ಟಿದೆ.

ಅದನ್ನು ಸರಿ ಮಾಡುವ ಮುಂಚೆ ಅಕ್ಷರವನ್ನೇ ಸ್ವಲ್ಪ ನೋಡೋಣ. ನೀನು ಆರಿಸಿದ ಫಾಂಟ್ ತೆಳ್ಳಗಿದೆ. ಕೆತ್ತನೆ, ಕಲ್ಲು, ತುಕ್ಕು, ಇಂಥದ್ದಕ್ಕೆಲ್ಲ ಅಕ್ಷರದ ಗೆರೆ ದಪ್ಪ ಇರಬೇಕು. ಇಲ್ಲದಿದ್ದರೆ ಟೆಕ್ಸ್ಚರ್, ಅಂದರೆ ಮೇಲ್ಮೈಯ ಒರಟು ನಯ, ಕಾಣೋಕೆ ಜಾಗವೇ ಇರುವುದಿಲ್ಲ. ಬಾಲೂ ತಮ್ಮ ಅಂತ ಒಂದು ಕನ್ನಡ ಫಾಂಟ್ ಇದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ದಪ್ಪಗೆ, ಮೂಲೆಗಳೆಲ್ಲ ದುಂಡಗೆ ಇದೆ. ಮುಕ್ತ ಲೈಸೆನ್ಸ್ ಇರುವುದರಿಂದ ಆಲ್ಬಮ್ಮಿಗೆ ಪ್ರಿಂಟ್ ಹಾಕಿಸಿದರೂ ತೊಂದರೆ ಇಲ್ಲ. ಅದರ ದಪ್ಪ ರೂಪವನ್ನು ಹಾಕಿ ನೋಡು.

ನಮ್ಮ ಲಿಪಿಗೆ ಇನ್ನೊಂದು ಕಷ್ಟ ಇದೆ. ಇಂಗ್ಲಿಷ್ ಪಾಠ ನೋಡಿ ಕಲಿತವರಿಗೆ ಇದು ಗೊತ್ತಾಗುವುದಿಲ್ಲ. ‘ಮ್ಮ’ದ ಒತ್ತು ನೋಡು, ಎಷ್ಟು ಸಣ್ಣದು. ಮೇಲಿನ ಅಕ್ಷರಕ್ಕೆ ಚೆಂದ ಕಾಣುವ ಆಳ ಕೊಟ್ಟರೆ ಒತ್ತು ಪೂರ್ತಿ ಮುದ್ದೆಯಾಗುತ್ತದೆ. ಮ, ವ, ರು ಒಳಗಿನ ಹೊಟ್ಟೆಗಳೂ ಹಾಗೇ, ಮುಚ್ಚಿಹೋಗುತ್ತವೆ. ಅದಕ್ಕೇ ನಾನು ಯಾವಾಗಲೂ ಒತ್ತನ್ನು ನೋಡಿಕೊಂಡು ಆಳ ಇಡುತ್ತೇನೆ, ದೊಡ್ಡ ಅಕ್ಷರವನ್ನು ನೋಡಿಕೊಂಡಲ್ಲ. ಒತ್ತು ಓದೋಕೆ ಬಂದರೆ ಉಳಿದದ್ದೆಲ್ಲ ಬಂದ ಹಾಗೆಯೇ. ಅಕ್ಷರಗಳ ನಡುವಿನ ಜಾಗವನ್ನೂ ಸ್ವಲ್ಪ ಜಾಸ್ತಿ ಮಾಡು. ಕೆತ್ತನೆಯ ನೆರಳಿಗೆ ಉಸಿರಾಡೋಕೆ ಜಾಗ ಬೇಕು.

ಅಣ್ಣನ ಮಗ ಮಧ್ಯೆ ಕೇಳಿದ್ದಾನೆ, ಫೋಟೋಶಾಪಿನಲ್ಲಿ ‘ನಮ್ಮ’ ಟೈಪ್ ಮಾಡಿದರೆ ಒತ್ತು ಕೆಳಗೆ ಬರದೆ ‘ಮ್’ ಮತ್ತು ‘ಮ’ ಪಕ್ಕಪಕ್ಕ ಕೂರುತ್ತವೆ ಅಂತ. ನಿನ್ನದು ಹಳೆಯ ಆವೃತ್ತಿ ಇರಬೇಕು ಕಣೋ. ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗು. ಅಲ್ಲಿ ಸೌತ್ ಏಷ್ಯನ್ ಅಂತ ಹೆಸರಿರುವ ಆಯ್ಕೆ ಇರುತ್ತದೆ. ಅದನ್ನು ಆರಿಸಿ, ಒಮ್ಮೆ ಮುಚ್ಚಿ ತೆರೆದು, ಹೊಸ ಫೈಲಿನಲ್ಲಿ ಟೈಪ್ ಮಾಡು. ಫೋಟೋಶಾಪಿನಂಥದ್ದೇ ಉಚಿತ ಸಾಫ್ಟ್‌ವೇರ್ ಜಿಂಪ್‌ನಲ್ಲಿ ಈ ತಲೆನೋವು ಇಲ್ಲ, ಒತ್ತು ತಾನಾಗಿಯೇ ಸರಿಯಾಗಿ ಕೂರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮಾತ್ರ ನೇರವಾಗಿ ತಂದು ಅಂಟಿಸಬೇಡಿ. ಅದು ಯೂನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ. ಬೇರೆ ಫಾಂಟ್ ಹಾಕಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ.

ಸರಿ, ಪುಟ್ಟಿ, ಈಗ ಕೆತ್ತನೆಗೆ ಬರೋಣ. ನೀನು ಜಿಂಪ್ ಬಳಸುತ್ತೀಯ ಅಂದುಕೊಂಡು ಹೇಳುತ್ತೇನೆ.

ಹೊಸ ಚಿತ್ರ ತೆರೆಯುವಾಗಲೇ ದೊಡ್ಡದು ತೆರೆ. ಎ4 ಪುಟಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2480 ಅಡ್ಡ, 3508 ಉದ್ದ. ಚಿಕ್ಕದರಲ್ಲಿ ಮಾಡಿ ಆಮೇಲೆ ಹಿಗ್ಗಿಸಿದರೆ ಮರದ ಗೆರೆಯೆಲ್ಲ ಮಂಜಾಗುತ್ತದೆ. ಹಲಗೆಯ ಫೋಟೋವನ್ನು ಪೂರ್ತಿ ಹಿನ್ನೆಲೆಗೆ ಹಾಕು. ಅದರ ಮೇಲೆ ಅಕ್ಷರ ಟೈಪ್ ಮಾಡು.

ಈಗ ಒಂದು ಸಹಾಯಕ ಲೇಯರ್ ಬೇಕು. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯ ಹಾಗೆ. ಪೂರ್ತಿ ಕಪ್ಪು ತುಂಬಿದ ಲೇಯರ್ ಮೇಲೆ ಬಿಳಿ ಬಣ್ಣದ ಅದೇ ಅಕ್ಷರ. ಎರಡನ್ನೂ ಸೇರಿಸಿ ಒಂದೇ ಲೇಯರ್ ಮಾಡು. ಅದಕ್ಕೆ ಗಾಸಿಯನ್ ಬ್ಲರ್ ಕೊಡು, ಅಂಚು ಮಂಜಾಗುತ್ತದೆ. ಈ ಲೇಯರ್ ಯಾರಿಗೂ ತೋರಿಸೋಕಲ್ಲ. ಇದು ಎತ್ತರ ತಗ್ಗಿನ ನಕ್ಷೆ ಅಂದುಕೋ. ಬಿಳಿ ಅಂದರೆ ಒಂದು ಮಟ್ಟ, ಕಪ್ಪು ಅಂದರೆ ಇನ್ನೊಂದು ಮಟ್ಟ, ನಡುವಿನ ಬೂದು ಅಂದರೆ ಇಳಿಜಾರು. ಬ್ಲರ್ ಕಡಿಮೆ ಇದ್ದರೆ ಗೋಡೆ ನೆಟ್ಟಗೆ. ಜಾಸ್ತಿ ಇದ್ದರೆ ಉಳಿ ಓರೆಯಾಗಿ ಹಿಡಿದು ಕೆತ್ತಿದ ಹಾಗೆ. ಬ್ಲರ್ ಎಷ್ಟು ಅಂತ ಕೇಳಿದರೆ, ಮತ್ತೆ ಒತ್ತನ್ನು ನೋಡು ಅಂತಲೇ ಹೇಳುತ್ತೇನೆ. ಒತ್ತಿನ ಗೆರೆಯ ನಡುವೆ ಇನ್ನೂ ಬಿಳಿ ಉಳಿದಿರಬೇಕು. ಅದೂ ಬೂದಾಯಿತು ಅಂದರೆ ಬ್ಲರ್ ಅತಿಯಾಯಿತು.

ಈಗ ಆ ಸಹಾಯಕ ಲೇಯರನ್ನೂ ಟೈಪ್ ಮಾಡಿದ ಅಕ್ಷರದ ಲೇಯರನ್ನೂ ಕಣ್ಣಿಗೆ ಕಾಣದ ಹಾಗೆ ಆಫ್ ಮಾಡು. ಹಲಗೆಯ ಲೇಯರ್ ಆರಿಸಿಕೋ. ಮೆನುವಿನಲ್ಲಿ ಫಿಲ್ಟರ್ಸ್, ಮ್ಯಾಪ್, ಬಂಪ್ ಮ್ಯಾಪ್ ಅಂತ ಹೋಗು. ನಕ್ಷೆ ನೋಡಿ ಉಬ್ಬು ತಗ್ಗು ಮೂಡಿಸುವ ಫಿಲ್ಟರ್ ಅದು. ಅಲ್ಲಿ ನಕ್ಷೆಯಾಗಿ ಆ ಲೇಯರನ್ನು ಕೊಡು. ಅಕ್ಷರ ಉಬ್ಬಿದ ಹಾಗೆ ಕಂಡರೆ ಇನ್ವರ್ಟ್ ಅನ್ನೋ ಗುರುತು ಒತ್ತು, ಹಳ್ಳವಾಗುತ್ತದೆ. ಅಜಿಮತ್ ಅನ್ನೋ ಸ್ಲೈಡರ್ ಬೆಳಕಿನ ದಿಕ್ಕು. ಅದನ್ನು ತಿರುಗಿಸುತ್ತಾ ಹೋಗು. ಬೆಳಕು ಮೇಲಿನ ಎಡ ಮೂಲೆಯಿಂದ ಬಂದ ಹಾಗೆ ಕಾಣುವಲ್ಲಿ ನಿಲ್ಲಿಸು. ಆಗ ಹಳ್ಳದ ಎಡ ಮೇಲಿನ ಗೋಡೆ ಕಪ್ಪಾಗುತ್ತದೆ, ಬಲ ಕೆಳಗಿನ ಗೋಡೆ ಹೊಳೆಯುತ್ತದೆ. ಆಮೇಲೆ ಅಕ್ಷರದ ಆಕಾರವನ್ನು ಸೆಲೆಕ್ಟ್ ಮಾಡಿ, ಹೊಸ ಲೇಯರಿನಲ್ಲಿ ಗಾಢ ಕಂದು ತುಂಬಿ, ಮೋಡ್ ಮಲ್ಟಿಪ್ಲೈ (ಕೆಳಗಿನ ಚಿತ್ರವನ್ನು ಗಾಢ ಮಾಡುವ ಬಗೆ) ಮಾಡಿ, ತುಂಬಾ ತೆಳುವಾಗಿ ಬಿಡು. ಹಳ್ಳದೊಳಗೆ ಬೆಳಕು ಕಡಿಮೆ ಬರುತ್ತದಲ್ಲ, ಅಷ್ಟೇ ಅದು. ಕಪ್ಪು ಮಾತ್ರ ಬೇಡ, ಮಸಿ ಹಚ್ಚಿದ ಹಾಗಾಗುತ್ತದೆ.

ಫೋಟೋಶಾಪಿನವರಿಗೆ ಇದು ಇನ್ನೂ ಸುಲಭ. ಹಲಗೆಯ ಮೇಲೆ ಅಕ್ಷರ ಇಟ್ಟು ಫಿಲ್ ಸೊನ್ನೆ ಮಾಡಿ. ಒಪಾಸಿಟಿ ಅಲ್ಲ, ಫಿಲ್. ಒಪಾಸಿಟಿ ಇಳಿಸಿದರೆ ಎಲ್ಲವೂ ಮಾಯ. ಫಿಲ್ ಇಳಿಸಿದರೆ ಅಕ್ಷರದ ಬಣ್ಣ ಮಾತ್ರ ಹೋಗಿ ಎಫೆಕ್ಟ್ ಉಳಿಯುತ್ತದೆ. ಆಮೇಲೆ ಲೇಯರಿನ ಎಫೆಕ್ಟುಗಳಲ್ಲಿ ಉಬ್ಬು ತಗ್ಗು ಕೊಡುವ ಬೆವೆಲ್ ಅಂಡ್ ಎಂಬಾಸ್, ದಿಕ್ಕು ಡೌನ್. ಜೊತೆಗೆ ಒಳಗೆ ಬೀಳುವ ನೆರಳು, ಇನ್ನರ್ ಶಾಡೋ. ಹೊರಗೆ ಬೀಳುವ ನೆರಳು, ಡ್ರಾಪ್ ಶಾಡೋ ಕಡೆ ಕೈ ಹಾಕಬೇಡಿ.

ಒಂದು ತಮಾಷೆ ಹೇಳುತ್ತೇನೆ. ಎಲ್ಲ ಮುಗಿದ ಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ನೋಡು. ಹಳ್ಳವಾಗಿದ್ದ ಅಕ್ಷರ ಉಬ್ಬಿದ ಹಾಗೆ ಕಾಣುತ್ತದೆ! ಚಿತ್ರದಲ್ಲಿ ಏನೂ ಬದಲಾಗಿರುವುದಿಲ್ಲ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಅಂತ ನಮ್ಮ ಮಿದುಳು ನಂಬಿಕೊಂಡಿದೆ. ಸೂರ್ಯ ಮೇಲಿದ್ದಾನಲ್ಲ. ಚಂದ್ರನ ಕುಳಿಗಳ ಫೋಟೋ ತಿರುಗಿಸಿದರೂ ಹೀಗೇ ಆಗುತ್ತದೆ, ಕುಳಿ ಹೋಗಿ ಗುಡ್ಡವಾಗುತ್ತದೆ. ಅಂದರೆ ಉಬ್ಬು ತಗ್ಗು ಅನ್ನುವುದು ಚಿತ್ರದಲ್ಲಿ ಇಲ್ಲವೇ ಇಲ್ಲ. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಅನ್ನುವುದರಲ್ಲಿ ಇದೆ.

ಇದನ್ನು ನಾನು ಕಲಿತದ್ದು ಒಂದು ಇಡೀ ಸಂಜೆ ಹಾಳು ಮಾಡಿಕೊಂಡು. ಒಂದು ಸಲ ಕಲ್ಲಿನ ಅಕ್ಷರ ಮಾಡುತ್ತಿದ್ದೆ. ಒರಟು ಕಲ್ಲಿನ ಒಳ್ಳೆಯ ಫೋಟೋ ಇತ್ತು. ಬೆವೆಲ್ ಸರಿ ಇತ್ತು, ನೆರಳು ಸರಿ ಇತ್ತು. ಆದರೂ ಏನೋ ಸುಳ್ಳು ಅನಿಸುತ್ತಿತ್ತು. ಆಳ ಜಾಸ್ತಿ ಮಾಡಿದೆ, ಕಡಿಮೆ ಮಾಡಿದೆ, ಬಣ್ಣ ಬದಲಿಸಿದೆ. ಊಹೂಂ. ಊಟ ಮಾಡಿ ಬಂದು ನೋಡಿದಾಗ ಥಟ್ಟನೆ ಕಂಡಿತು. ಕಲ್ಲಿನ ಫೋಟೋದಲ್ಲಿ ಪ್ರತಿ ಸಣ್ಣ ಗುಳಿಗೂ ಬಲಗಡೆಯಿಂದ ಬಿಸಿಲು ಬಿದ್ದಿತ್ತು. ನಾನು ಅಕ್ಷರಕ್ಕೆ ಎಡಗಡೆಯಿಂದ ಬೆಳಕು ಕೊಟ್ಟಿದ್ದೆ. ಒಂದೇ ಅಕ್ಷರಕ್ಕೆ ಎರಡು ಸೂರ್ಯ! ಕಲ್ಲಿನ ಫೋಟೋವನ್ನು ಎಡಬಲ ತಿರುಗಿಸಿದೆ, ಅಷ್ಟೇ. ಮೂರು ಗಂಟೆಯ ಜಗಳ ಒಂದು ಕ್ಲಿಕ್ಕಿನಲ್ಲಿ ಮುಗಿಯಿತು.

ಹಾಗಾಗಿ ಟೆಕ್ಸ್ಚರ್ ಫೋಟೋ ಹೊರಗಿಂದ ಇಳಿಸುವ ಬದಲು ನೀನೇ ತೆಗೆಯುವುದು ಒಳ್ಳೆಯದು. ಮೊಬೈಲ್ ಸಾಕು. ಮರದ ತೊಗಟೆ, ಹಳೆ ಬಾಗಿಲು, ಗೋಣಿಚೀಲ, ತುಕ್ಕು ಹಿಡಿದ ತಗಡು, ಸುಣ್ಣ ಕಿತ್ತ ಗೋಡೆ, ಯಾವುದಾದರೂ ಆದೀತು. ಉಬ್ಬು ತಗ್ಗು ಬೇಕಿದ್ದರೆ ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆ. ಬಣ್ಣ ಮಾತ್ರ ಸಾಕು, ಉಬ್ಬನ್ನು ನಾನೇ ಕೊಡುತ್ತೇನೆ ಅಂದರೆ ಮೋಡದ ದಿನ ತೆಗೆ. ಫ್ಲ್ಯಾಶ್ ಹಾಕಬೇಡ, ಎಲ್ಲ ಚಪ್ಪಟೆಯಾಗುತ್ತದೆ. ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಹಿಡಿ. ತೆಗೆದ ಫೋಟೋ ನಿನ್ನದೇ ಆದ್ದರಿಂದ ಯಾರ ಅನುಮತಿಯೂ ಬೇಕಿಲ್ಲ.

ಕೆತ್ತನೆ ಬೇಡ, ಕತ್ತರಿಸಿ ನಿಲ್ಲಿಸಿದ ತಗಡಿನ ಅಕ್ಷರವೇ ಬೇಕು ಅಂದರೆ ನೀನು ಮಾಡಿದ ದಾರಿ ಸರಿ. ಆದರೆ ಫೋಟೋವನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ಎಸೆಯಬೇಡ. ಜಿಂಪ್‌ನಲ್ಲಿ ಒಂದು ಲೇಯರ್ ಗ್ರೂಪ್ ಮಾಡು. ಕೆಳಗೆ ಅಕ್ಷರ, ಮೇಲೆ ತಗಡಿನ ಫೋಟೋ. ಫೋಟೋ ಲೇಯರಿನ ಕಾಂಪೋಸಿಟ್ ಮೋಡನ್ನು ಕ್ಲಿಪ್ ಟು ಬ್ಯಾಕ್‌ಡ್ರಾಪ್ ಮಾಡು, ಆಗ ಫೋಟೋ ಕೆಳಗಿನ ಅಕ್ಷರದ ಒಳಗೆ ಮಾತ್ರ ಕಾಣುತ್ತದೆ. ಫೋಟೋಶಾಪಿನ ಕ್ಲಿಪಿಂಗ್ ಮಾಸ್ಕ್ ಮಾಡುವುದೂ ಇದೇ ಕೆಲಸ. ಈಗ ಫೋಟೋವನ್ನು ಅಕ್ಷರದೊಳಗೆ ಹೇಗೆ ಬೇಕಾದರೂ ಸರಿಸಬಹುದು, ತಿರುಗಿಸಬಹುದು. ಕಾಗುಣಿತ ತಪ್ಪಿದ್ದರೆ ಅಕ್ಷರವನ್ನೂ ತಿದ್ದಬಹುದು. ನಮ್ಮ ಮನೆಯಲ್ಲಿ ಎಲ್ಲ ಮುಗಿದ ಮೇಲೆಯೇ ಯಾರಾದರೂ ಕಾಗುಣಿತ ತಪ್ಪು ಹಿಡಿಯುವುದು, ಗೊತ್ತಲ್ಲ.

ಸರಿಸುವಾಗ ಅಳತೆ ನೋಡು. ನಿನ್ನ ಚಿತ್ರದಲ್ಲಿ ಮರದ ಒಂದು ಗೆರೆಯೇ ಅಕ್ಷರದ ಅರ್ಧ ದಪ್ಪ ಇದೆ. ಹಾಗಿದ್ದರೆ ಮರ ಅಂತ ಅನಿಸುವುದಿಲ್ಲ, ಕಂದು ಪಟ್ಟೆ ಅನಿಸುತ್ತದೆ. ಅಕ್ಷರದ ಒಂದು ಗೆರೆಯ ದಪ್ಪದೊಳಗೆ ಏಳೆಂಟು ಮರದ ಎಳೆಯಾದರೂ ಬರುವಷ್ಟು ಫೋಟೋವನ್ನು ಕುಗ್ಗಿಸು. ಒಂದೇ ಕಡೆಗೆ ಮಾತ್ರ ಎಳೆಯಬೇಡ. ಎಳೆದ ಮರ ರಬ್ಬರಿನ ಹಾಗಾಗುತ್ತದೆ.

ಅಂಚಿನ ಬಗ್ಗೆ ಒಂದು ಮಾತು. ತುಕ್ಕು ಹಿಡಿದ ತಗಡಿಗೆ ಬ್ಲೇಡಿನಲ್ಲಿ ಕೊಯ್ದಂಥ ನುಣುಪು ಅಂಚು ಇರುವುದಿಲ್ಲ. ಅಕ್ಷರದ ಲೇಯರಿನ ಒಂದು ಪ್ರತಿ ತೆಗೆದು ಅದಕ್ಕೆ ನಾಯ್ಸ್ ಮೆನುವಿನ ಸ್ಪ್ರೆಡ್ ಕೊಡು. ಅಂಚಿನ ಪಿಕ್ಸೆಲ್‌ಗಳು ಚದುರುತ್ತವೆ. ಸ್ವಲ್ಪ ಬ್ಲರ್ ಮಾಡಿ, ಆಮೇಲೆ ಲೆವೆಲ್ಸ್‌ನಲ್ಲಿ ಆಲ್ಫಾ ಚಾನೆಲ್ಲನ್ನು, ಅಂದರೆ ಎಲ್ಲಿ ಎಷ್ಟು ಪಾರದರ್ಶಕ ಅನ್ನುವುದನ್ನು, ಬಿಗಿ ಮಾಡು. ಇಲಿ ಕಡಿದ ಹಾಗೆ ಅಲ್ಲಲ್ಲಿ ತಿಂದ ಅಂಚು ಬರುತ್ತದೆ. ಒತ್ತಿನ ಹತ್ತಿರ ಮಾತ್ರ ಕೈ ಹಗುರ ಇರಲಿ. 2025ರಲ್ಲಿ ಬಂದ ಜಿಂಪ್ 3.0 ಇದ್ದರೆ ಈ ಫಿಲ್ಟರುಗಳನ್ನು ಆಮೇಲೂ ತೆರೆದು ಬದಲಿಸಬಹುದು. ಹಳೆಯದಿದ್ದರೆ ಹಾಕಿದ್ದು ಹಾಕಿದ್ದೇ. ಹೆಜ್ಜೆ ಹೆಜ್ಜೆಗೂ ಪ್ರತಿ ತೆಗೆದಿಡು.

ಭಾವ ಕೇಳಿದ್ದಾರೆ, “ಒಂದು ಕ್ಲಿಕ್ಕಿಗೆ ಬರುವ ಎಫೆಕ್ಟ್ ಇರುವಾಗ ಇಷ್ಟೆಲ್ಲ ಯಾಕೆ?” ಅಂತ. ಭಾವ, 1998ರಲ್ಲಿ ಫೋಟೋಶಾಪ್ 5.0 ಬಂದಾಗ ಈ ಉಬ್ಬು ನೆರಳುಗಳು ಲೇಯರಿಗೆ ನೇರವಾಗಿ ಹಚ್ಚುವ ಎಫೆಕ್ಟುಗಳಾಗಿ ಬಂದವು. ಅಲ್ಲಿಂದ ಮುಂದೆ ಸಿಕ್ಕಸಿಕ್ಕಲ್ಲೆಲ್ಲ ಉಬ್ಬಿದ ಅಕ್ಷರ, ನೆನಪಿದೆಯಾ? ನಾನೂ ಮಾಡಿದ್ದೇನೆ, ಈಗ ನೋಡಿದರೆ ನಾಚಿಕೆಯಾಗುತ್ತದೆ. ಕ್ಲಿಕ್ಕು ಕೆಟ್ಟದ್ದಲ್ಲ. ಆದರೆ ಅದು ಕೊಡುವ ಆಳ, ಬೆಳಕು ಎಲ್ಲ ಎಲ್ಲರಿಗೂ ಒಂದೇ. ನಿಮ್ಮ ಫೋಟೋಗೆ ಹೊಂದುತ್ತದಾ ಅಂತ ಅದಕ್ಕೆ ಗೊತ್ತಿಲ್ಲ.

ಚಿನ್ನದ ಅಕ್ಷರ ಕೇಳಿದವರಿಗೂ ಹೇಳಿಬಿಡುತ್ತೇನೆ. ಹಳದಿ ಬಣ್ಣ ಹಚ್ಚಿದರೆ ಚಿನ್ನ ಆಗುವುದಿಲ್ಲ, ಸಾಸಿವೆ ಆಗುತ್ತದೆ. ಚಿನ್ನದ ಫೋಟೋ ಹತ್ತಿರದಿಂದ ನೋಡಿ, ಅರ್ಧ ಗಾಢ ಕಂದು, ಅಲ್ಲಲ್ಲಿ ಬಿಳಿ ಹೊಳಪು, ನಡುವೆ ಸ್ವಲ್ಪವೇ ಹಳದಿ. ಕಪ್ಪು ಬಿಳಿಯಲ್ಲಿ ಉಬ್ಬು ನೆರಳು ಸರಿ ಮಾಡಿಕೊಂಡು, ಅದರ ಮೇಲೆ ಕಂದಿನಿಂದ ಬಿಳಿಯವರೆಗಿನ ಗ್ರೇಡಿಯೆಂಟ್ ಮ್ಯಾಪ್ ಹಾಕಿ. ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳಿಗೆ ಅದು ನೀವು ಕೊಟ್ಟ ಬಣ್ಣಗಳನ್ನು ಹಚ್ಚುತ್ತದೆ.

ಪುಟ್ಟಿ, ಕೊನೆಗೆ ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡು. ‘ನಮ್ಮವರು’ ಅಂತ ಓದೋಕೆ ಬರದಿದ್ದರೆ ಹಲಗೆಯ ಕಾಂಟ್ರಾಸ್ಟ್ (ತಿಳಿ ಗಾಢದ ವ್ಯತ್ಯಾಸ) ಇಳಿಸು. ಕೆತ್ತನೆಯ ಆಳ ಏರಿಸೋಕೆ ಹೋಗಬೇಡ. ಸಾಮಾನ್ಯವಾಗಿ ಗಲಾಟೆ ಮಾಡುತ್ತಿರುವುದು ಹಲಗೆ. ಕೆಲಸದ ಫೈಲನ್ನು ಲೇಯರುಗಳೆಲ್ಲ ಉಳಿಯುವ ಜಿಂಪ್‌ನ ಎಕ್ಸ್‌ಸಿಎಫ್ ಆಗಿಯೇ ಇಟ್ಟುಕೋ, ಮುಖಪುಟಕ್ಕೆ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡು. ಗ್ರೂಪಿಗೆ ಫೋಟೋ ಆಗಿ ಹಾಕಬೇಡ, ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸು. ಅದಕ್ಕೂ ಮುಂಚೆ ಆ ಹಲಗೆಯ ಫೋಟೋ ಒಂದನ್ನೇ ಕಳಿಸು. ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತ ನೀನೇ ಮೊದಲು ನೋಡಿ ಹೇಳು, ಆಮೇಲೆ ನಾನು ನೋಡುತ್ತೇನೆ.