ಕಮ್ಯುನಿಟಿ ಕಾಲೇಜಿನ ಉದ್ಯೋಗ ತರಬೇತಿ: ಎಚ್-4 ವೀಸಾದಲ್ಲಿರುವವರು ಯಾವ ಕೋರ್ಸಿಗೆ ಸೇರುವುದು ಒಳ್ಳೆಯದು?

ಪ್ರಶ್ನೆ (ಸನ್ನಿವೇಲ್‌ನಿಂದ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಬಿ.ಕಾಂ. ಮುಗಿಸಿ ಅಲ್ಲಿಯ ಸಹಕಾರಿ ಬ್ಯಾಂಕೊಂದರಲ್ಲಿ ಆರು ವರ್ಷ ಕೆಲಸ ಮಾಡಿ, ಮಗಳಿಗೆ ಎರಡು ತುಂಬಿದಾಗ ಎಚ್-4 (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಕುಟುಂಬದವರ) ವೀಸಾದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಈಗ ಮೂರು ವರ್ಷವಾಯಿತು. ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸುವ ಅರ್ಜಿ) ಮಂಜೂರಾದ ಕಾರಣ ಕಳೆದ ತಿಂಗಳು ನನ್ನ ಇಎಡಿ, ಅಂದರೆ ಕೆಲಸದ ಅನುಮತಿ ಕಾರ್ಡೂ ಕೈಗೆ ಬಂದಿದೆ. ಮಗಳು ಶಾಲೆಗೆ ಹೋಗುತ್ತಿರುವುದರಿಂದ ಮಧ್ಯಾಹ್ನ ಎರಡರವರೆಗೆ ನನಗೆ ಬಿಡುವಿದೆ.

ಇಲ್ಲಿಯ ಕಮ್ಯುನಿಟಿ ಕಾಲೇಜುಗಳ ಕೋರ್ಸ್ ಪಟ್ಟಿಗಳನ್ನು ಒಂದು ವಾರದಿಂದ ಓದುತ್ತಿದ್ದೇನೆ. ಲೆಕ್ಕಪತ್ರದ ಪಾಠ ಮೂರು ಬಗೆಯಲ್ಲಿ ಕಾಣಿಸುತ್ತದೆ: ಒಂದಕ್ಕೆ ಯೂನಿಟ್ (ಕೋರ್ಸಿನ ಗಾತ್ರ ಅಳೆಯುವ ಮಾನ) ಲೆಕ್ಕದಲ್ಲಿ ಶುಲ್ಕ, ಇನ್ನೊಂದಕ್ಕೆ ಶುಲ್ಕವೇ ಇಲ್ಲ, ಮತ್ತೊಂದಕ್ಕೆ ಇಡಿಯಾಗಿ ಕೆಲವು ನೂರು ಡಾಲರ್. ಇವುಗಳಲ್ಲಿ ಯಾವುದನ್ನು ಕೆಲಸ ಕೊಡುವವರು ಲೆಕ್ಕಕ್ಕೆ ಹಿಡಿಯುತ್ತಾರೆ? ಪರಿಚಯದವರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯಿರಿ ಎನ್ನುತ್ತಾರೆ, ನನಗೆ ಅದರಲ್ಲಿ ಮನಸ್ಸಿಲ್ಲ. ಲೆಕ್ಕಪತ್ರ ಅಥವಾ ಚಿಕ್ಕ ಮಕ್ಕಳ ಶಾಲೆ, ಇವೆರಡರಲ್ಲಿ ಒಂದನ್ನು ಹಿಡಿಯಬೇಕೆಂದಿದ್ದೇನೆ.

ಉತ್ತರ 1 (ಫ್ರೀಮಾಂಟ್‌ನಿಂದ)

ಮೇಡಂ, ನಿಮಗಾದ ಗೊಂದಲವೇ ಆರು ವರ್ಷದ ಹಿಂದೆ ನನಗೂ ಆಗಿತ್ತು, ಅದಕ್ಕೆ ನಾನು ದಂಡವನ್ನೂ ತೆತ್ತಿದ್ದೇನೆ. ನೀವು ನೋಡಿದ ಮೂರೂ ಬೇರೆ ಬೇರೆ ವ್ಯವಸ್ಥೆಗಳು. ಯೂನಿಟ್ ಲೆಕ್ಕದ್ದು ಕ್ರೆಡಿಟ್ ಕೋರ್ಸು. ಅದು ಅಂಕಪಟ್ಟಿಗೆ ಸೇರುತ್ತದೆ, ಮುಂದೆ ಪದವಿಗೂ ಸಲ್ಲುತ್ತದೆ. ಶುಲ್ಕವಿಲ್ಲದ್ದು ನಾನ್‌ಕ್ರೆಡಿಟ್, ಸರ್ಕಾರದ ಹಣದಲ್ಲಿ ನಡೆಯುವ ಇದರಲ್ಲಿ ಇಂಗ್ಲಿಷ್ ಭಾಷೆ, ಕಂಪ್ಯೂಟರ್ ಬಳಕೆ, ಕಚೇರಿ ಕೆಲಸದಂಥ ಪಾಠಗಳಿದ್ದು, ಕೆಲವು ಸರಣಿಗಳನ್ನು ಪೂರ್ತಿ ಮುಗಿಸಿದರೆ ಪ್ರಮಾಣಪತ್ರ ಕೊಡುತ್ತಾರೆ. ಮೂರನೆಯದು ಕಾಲೇಜು ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಂಡು ನಡೆಸುವ ಕಮ್ಯುನಿಟಿ ಎಜುಕೇಶನ್. ಹೂ ಜೋಡಿಸುವುದರಿಂದ ಹಿಡಿದು ರಕ್ತ ತೆಗೆಯುವ ಫ್ಲೆಬಾಟಮಿ ತರಬೇತಿಯವರೆಗೆ ಎಲ್ಲವೂ ಅದರಲ್ಲಿ ಇರಬಹುದು.

ನಾನು ಎಡವಿದ್ದು ಈ ಮೂರನೆಯದರಲ್ಲಿ. ಎಂಟು ಶನಿವಾರ ಬುಕ್‌ಕೀಪಿಂಗ್ ತರಗತಿಗೆ ಹೋಗಿ, ಬಳಿಕ ಪದವಿಗೆ ಸೇರುವಾಗ ಅದೇ ಕಾಲೇಜಿನಲ್ಲಿ ಅಂಕಪಟ್ಟಿ ಕೇಳಿದರೆ ದಾಖಲೆಯಲ್ಲಿ ನನ್ನ ಹೆಸರೇ ಇರಲಿಲ್ಲ. ಹಾಗೆಂದು ಆ ಬಗೆಯ ಕೋರ್ಸುಗಳೆಲ್ಲ ವ್ಯರ್ಥವೆಂದಲ್ಲ. ಫ್ಲೆಬಾಟಮಿಯಲ್ಲಿ ಪರವಾನಗಿ ಕೊಡುವ ರಾಜ್ಯದ ಇಲಾಖೆಗೆ ಬೇಕಾದದ್ದು ಮಾನ್ಯತೆ ಪಡೆದ ತರಬೇತಿ, 50 ಬಾರಿ ರಕ್ತನಾಳದಿಂದ ಮತ್ತು 10 ಬಾರಿ ಬೆರಳ ತುದಿಯಿಂದ ರಕ್ತ ತೆಗೆದ ಅಭ್ಯಾಸ, ಮತ್ತು ಪರೀಕ್ಷೆ. ಯೂನಿಟ್ ಇತ್ತೇ ಎಂದು ಅದು ಕೇಳುವುದಿಲ್ಲ. ಆದ್ದರಿಂದ ಮೊದಲು ಪರವಾನಗಿ ಕೊಡುವವರ ಷರತ್ತು ಓದಿ, ಕೋರ್ಸ್ ಪಟ್ಟಿಯನ್ನು ಆಮೇಲೆ ತೆರೆಯಿರಿ.

ಖರ್ಚಿನ ಮಾತು: ರಾಜ್ಯದ ನಿವಾಸಿಗಳಿಗೆ ಕ್ರೆಡಿಟ್ ಕೋರ್ಸಿನ ಶುಲ್ಕ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, ಡಿ ಆನ್ಜಾದಂಥ, ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ 31 ಡಾಲರ್. ನಿವಾಸಿಯಲ್ಲವೆಂದು ಬರೆದುಕೊಂಡರೆ ಇದು ಹಲವು ಪಟ್ಟಾಗುತ್ತದೆ. ಎಚ್-4ನವರು ಒಂದು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ನೆಲೆಸಿದ್ದರೆ ನಿವಾಸಿಗಳೆಂದು ಪರಿಗಣಿಸಲ್ಪಡಬಹುದು. ಮನೆ ಬಾಡಿಗೆ ಕರಾರು, ಚಾಲನಾ ಪರವಾನಗಿ, ರಾಜ್ಯದ ತೆರಿಗೆ ರಿಟರ್ನ್ ಜೊತೆಗಿರಲಿ. ವೀಸಾ ಎಂಬ ಪದ ಕಂಡೊಡನೆ ಕೆಲವು ಗುಮಾಸ್ತರು ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಸಾಗಹಾಕುತ್ತಾರೆ. ಅಲ್ಲಿಗೆ ಹೋಗಬೇಕಾದವರು ಎಫ್-1 ವಿದ್ಯಾರ್ಥಿ ವೀಸಾದವರು, ನೀವಲ್ಲ. ಓದುವುದಕ್ಕೆ ಎಚ್-4ನವರು ವೀಸಾ ಬದಲಿಸಬೇಕಾಗಿಲ್ಲ, ಇಎಡಿಯೂ ಬೇಕಿಲ್ಲ.

ಉತ್ತರ 2 (ಸಾಂತಾ ಕ್ಲಾರಾದಿಂದ)

ಚಿಕ್ಕ ಮಕ್ಕಳ ಶಾಲೆಯ ದಾರಿ ಹಿಡಿದವಳು ನಾನು. ಕ್ಯಾಲಿಫೋರ್ನಿಯಾದಲ್ಲಿ ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಎಂಬುದಿದೆ. ಅದರಲ್ಲಿ ಅಸೋಸಿಯೇಟ್ ಟೀಚರ್ ಹಂತಕ್ಕೆ ಶಿಶು ವಿಕಾಸದ 12 ಸೆಮಿಸ್ಟರ್ ಯೂನಿಟ್, ಅಂದರೆ 18 ಕ್ವಾರ್ಟರ್ ಯೂನಿಟ್ ಬೇಕು. ಮೇಲೆ ಎರಡು ವರ್ಷದೊಳಗಿನ 50 ದಿನಗಳ ಕೆಲಸದ ಅನುಭವ. ಅದಕ್ಕಿಂತ ಕೆಳಗಿನ ಅಸಿಸ್ಟೆಂಟ್ ಹಂತಕ್ಕೆ 6 ಸೆಮಿಸ್ಟರ್ ಯೂನಿಟ್ ಸಾಕು. ಇವು ಕ್ರೆಡಿಟ್ ಯೂನಿಟ್‌ಗಳೇ ಆಗಿರಬೇಕಾದ್ದರಿಂದ ನಿಮ್ಮ ಪಟ್ಟಿಯ ಮೊದಲನೆಯ ಬಗೆಯ ಹೊರತು ಬೇರೇನೂ ಇಲ್ಲಿ ಸಲ್ಲದು.

ಮಕ್ಕಳನ್ನು ಬೆಳೆಸಿದವರಿಗೆ ಇದೇನು ಮಹಾ ಎಂದುಕೊಂಡು ಹೋದವಳಿಗೆ ಮೊದಲ ತಿಂಗಳಲ್ಲೇ ಪಾಠವಾಯಿತು. ಕಾಲೇಜಿನ ಶಿಶುವಿಹಾರದಲ್ಲಿ ಮೊಣಕಾಲೆತ್ತರದ ಕುರ್ಚಿಯ ಮೇಲೆ ಕುಳಿತು, ಮರಳಿನಲ್ಲಿ ಆಡುತ್ತಿದ್ದ ಒಂದು ಮಗುವನ್ನು ಇಪ್ಪತ್ತು ನಿಮಿಷ ನೋಡಿ, ಕಂಡದ್ದನ್ನು ಬರೆಯಬೇಕಿತ್ತು. "ಮಗು ಸಿಟ್ಟಿನಿಂದ ಬಕೆಟ್ ಎಸೆಯಿತು" ಎಂದು ಬರೆದೆ. ಶಿಕ್ಷಕಿ "ಸಿಟ್ಟಿನಿಂದ" ಎಂಬ ಪದಕ್ಕೆ ಸುತ್ತು ಹಾಕಿ, ಇದು ನಿಮಗೆ ಹೇಗೆ ಗೊತ್ತು ಎಂದು ಅಂಚಿನಲ್ಲಿ ಕೇಳಿದ್ದರು. ಹುಬ್ಬು ಗಂಟಿಕ್ಕಿತ್ತೇ, ಕೂಗಿತೇ, ಬಕೆಟ್ ಎಷ್ಟು ದೂರ ಬಿತ್ತು, ಅದಕ್ಕೆ ಮೊದಲು ಏನಾಗಿತ್ತು ಎಂಬುದಷ್ಟೇ ಬೇಕಂತೆ. ಮತ್ತೆ ಬರೆದೆ, ಮನೆಯಲ್ಲಿ ನನ್ನ ಮಗನನ್ನು ಗದರುವ ಮುಂಚೆ ಈಗಲೂ ಆ ಸುತ್ತು ನೆನಪಾಗುತ್ತದೆ.

ಸಂಬಳದ ವಿಷಯದಲ್ಲಿ ಮುಚ್ಚುಮರೆ ಏಕೆ? ಈ ಊರಿನ ಬಾಡಿಗೆಯ ಮುಂದೆ ಅದು ಕಡಿಮೆಯೇ. ನಾನು ಒಪ್ಪಿಕೊಂಡದ್ದು ಕೆಲಸದ ಹೊತ್ತು ಮಗನ ಶಾಲೆಯ ಹೊತ್ತಿಗೆ ಕೂಡಿಬಂದದ್ದರಿಂದ.

ಉತ್ತರ 3 (ಸ್ಯಾನ್ ಹೋಸೆಯಿಂದ)

ಬ್ಯಾಂಕಿನ ಅನುಭವವಿರುವವರು ತೆರಿಗೆ ಕೆಲಸವನ್ನು ಯೋಚಿಸಬೇಕು. ಸಿಪಿಎ (ಪರವಾನಗಿ ಪಡೆದ ಲೆಕ್ಕಿಗರು), ವಕೀಲರಂಥವರನ್ನು ಬಿಟ್ಟರೆ, ಕ್ಯಾಲಿಫೋರ್ನಿಯಾದಲ್ಲಿ ಹಣ ಪಡೆದು ಇತರರ ರಿಟರ್ನ್ ತಯಾರಿಸುವವರು ಸಿಟೆಕ್ ಎಂಬ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಮಂಡಳಿ ಒಪ್ಪಿದ 60 ಗಂಟೆಗಳ ಕೋರ್ಸು, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ರಿಟರ್ನ್ ತಯಾರಿಸುವವರಿಗೆ ಕೊಡುವ ಪಿಟಿನ್ ಸಂಖ್ಯೆ, 5,000 ಡಾಲರ್ ಮೊತ್ತದ ಬಾಂಡ್ (ಗ್ರಾಹಕರಿಗೆ ನಷ್ಟವಾದರೆ ತುಂಬಿಕೊಡುವ ಖಾತರಿ) ಬೇಕು. ಆ ಮೊತ್ತವನ್ನು ಕಟ್ಟಬೇಕಿಲ್ಲ, ಅದಕ್ಕೆ ಸಣ್ಣ ಕಂತು ಮಾತ್ರ. ಆಮೇಲೆ ಪ್ರತಿ ವರ್ಷ 20 ಗಂಟೆ ಮುಂದುವರಿಕೆ ಶಿಕ್ಷಣವನ್ನು ಮುಗಿಸಲೇಬೇಕು. ಸೇರುವ ಮುನ್ನ ಆ ಕೋರ್ಸು ಮಂಡಳಿಯ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿ. ಪ್ರಚಾರ ಪತ್ರವನ್ನು ನಂಬಬೇಡಿ.

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷಕ್ಕೆ ಒಗ್ಗಿದ ತಲೆ, ಜನವರಿಯಿಂದ ಡಿಸೆಂಬರ್‌ವರೆಗಿನ ತೆರಿಗೆ ವರ್ಷಕ್ಕೂ ಗಂಡ ಹೆಂಡತಿ ಸೇರಿ ಸಲ್ಲಿಸುವ ಒಂದೇ ರಿಟರ್ನಿಗೂ ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು. ಕೆಲಸ ಜನವರಿಯ ಕೊನೆಯಿಂದ ಏಪ್ರಿಲ್ 15ರವರೆಗೆ ಕತ್ತಿನವರೆಗೆ ಬರುತ್ತದೆ, ಉಳಿದ ದಿನ ಮಂದ. ವರ್ಷವಿಡೀ ಕೆಲಸ ಬೇಕೆನ್ನುವವರು ಮುಂದೆ ಎನ್‌ರೋಲ್ಡ್ ಏಜೆಂಟ್ (ಐಆರ್‌ಎಸ್ ಮಾನ್ಯತೆ ಪಡೆದ ತೆರಿಗೆ ತಜ್ಞರು) ಆಗಬಹುದು. ಮೂರು ಭಾಗದ ಆ ಪರೀಕ್ಷೆಗೆ ಪದವಿಯ ಷರತ್ತಿಲ್ಲ.

ಇನ್ನೊಂದು ಮಾತು: ನಿಮ್ಮ ಇಎಡಿ ಎಚ್-4ರ ಐ-94 (ಇಲ್ಲಿ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ದಾಖಲೆ) ಮುಗಿಯುವ ದಿನಾಂಕವನ್ನು ಮೀರುವುದಿಲ್ಲ. ನವೀಕರಣ ತಡವಾದರೆ ಕೆಲಸ ನಿಲ್ಲುತ್ತದೆ, ಓದು ನಿಲ್ಲುವುದಿಲ್ಲ. ಕೋರ್ಸಿನ ಅವಧಿಯನ್ನು ಆ ದಿನಾಂಕದ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಐ-94 ತೆಗೆದು ನೋಡಿದೆ, ಇನ್ನು ಹದಿನಾಲ್ಕು ತಿಂಗಳಿದೆ. 60 ಗಂಟೆಯ ಕೋರ್ಸು ಅದರೊಳಗೆ ಸಲೀಸಾಗಿ ಮುಗಿಯುವುದರಿಂದ ತೆರಿಗೆಯಿಂದಲೇ ಆರಂಭಿಸುತ್ತೇನೆ. ಅದರ ಜೊತೆಗೆ ಶಿಶು ವಿಕಾಸದ ಒಂದು ಕ್ರೆಡಿಟ್ ಕೋರ್ಸು ತೆಗೆದುಕೊಳ್ಳುವ ಯೋಚನೆಯಿದೆ. ಬುಧವಾರ ಕಾಲೇಜಿನ ಕೌನ್ಸೆಲರ್ ಸಮಯ ಕೊಟ್ಟಿದ್ದಾರೆ. ಬಾಡಿಗೆ ಕರಾರಿನಲ್ಲಿ ಯಜಮಾನರ ಹೆಸರೊಂದೇ ಇರುವುದರಿಂದ, ನನ್ನ ಹೆಸರಿನ ಚಾಲನಾ ಪರವಾನಗಿ ಮತ್ತು ಜಂಟಿ ರಿಟರ್ನಿನ ಪ್ರತಿ ಕೊಂಡೊಯ್ದರೆ ನಡೆಯುತ್ತದೆಯೇ?