ಟವರ್ ಟೈಪ್ 3: ಇದು ನಿಕ್ಕಾನಾ, ಲೈಕಾ ನಕಲಾ?

ರೀಲುಗಾರ:
ಮಾರಾಟಕ್ಕಿರುವ ಹಳೆಯ ರೇಂಜ್‌ಫೈಂಡರ್ (ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ) ಕ್ಯಾಮೆರಾ ಒಂದರ ಮೇಲೆ "ಟವರ್" ಎಂದು ಕೊರೆದಿದೆ. ಲೆನ್ಸ್ ನಿಕ್ಕೋರ್ 50 ಎಂಎಂ ಎಫ್/2, ಆಕಾರ ಥೇಟ್ ಸ್ಕ್ರೂ ಮೌಂಟ್ (ಲೆನ್ಸನ್ನು ತಿರುಪಿನಂತೆ ತಿರುಗಿಸಿ ಕೂರಿಸುವ) ಲೈಕಾ. ನಿಕಾನ್‌ನವರೇ ಮಾಡಿದ್ದಾ? ಕೊಳ್ಳುವ ಮುಂಚೆ ಏನೇನು ನೋಡಬೇಕು?

ಪರದೆ_ಚಕ್ರ:
ನಿಕಾನ್ ಅಲ್ಲ, ನಿಕ್ಕಾ ಎಂಬ ಬೇರೆ ಜಪಾನಿ ಕಂಪನಿ. ಅಮೆರಿಕದ ಸಿಯರ್ಸ್ ಕಂಪನಿ ಅದರ ಕ್ಯಾಮೆರಾಗಳನ್ನೇ ಟವರ್ ಹೆಸರಲ್ಲಿ ಮಾರುತ್ತಿತ್ತು. ಕ್ಯಾನನ್‌ನ ಪೂರ್ವಸಂಸ್ಥೆ ಸೇಕಿ ಕೊಗಾಕು ಬಿಟ್ಟು ಬಂದವರು 1940ರಲ್ಲಿ ಕೊಗಾಕು ಸೇಕಿ-ಶಾ ಕಟ್ಟಿದರು. ಯುದ್ಧಕಾಲದಲ್ಲಿ ಲೈಕಾ 3ರ ಮಾದರಿಯಲ್ಲಿ "ನಿಪ್ಪಾನ್" ಕ್ಯಾಮೆರಾ ಮಾಡಿದ್ದು ಇದೇ ಕಂಪನಿ, ಯುದ್ಧ ಮುಗಿದ ಮೇಲೆ ನಿಕ್ಕಾ ಹೆಸರು ಬಂತು. ಲೆನ್ಸ್ ತಯಾರಿಕೆ ಅವರ ಕೈಯಲ್ಲಿರಲಿಲ್ಲ. ನಿಪ್ಪಾನ್ ಕೊಗಾಕು, ಅಂದರೆ ಇಂದಿನ ನಿಕಾನ್, ಕೊಡುತ್ತಿತ್ತು. ನಿಮ್ಮ ಗೊಂದಲಕ್ಕೆ ಕಾರಣ ಅದೇ.

ನಕಲಿನ ಅನುಮಾನ ಇದ್ದರೆ ಲೆನ್ಸ್ ತಿರುಗಿಸಿ ತೆಗೆದು ಒಳಗಿನ ರೇಂಜ್‌ಫೈಂಡರ್ ತೋಳನ್ನು ನೋಡಿ. ತುದಿಯಲ್ಲಿ ದುಂಡನೆಯ ರೋಲರ್ ಇದ್ದರೆ ಲೈಕಾ ಅಥವಾ ನಿಕ್ಕಾ ಬಗೆ. ಬೆಣೆಯಂಥ ಚಪ್ಪಟೆ ನಾಲಗೆ ಇದ್ದರೆ ಫೆಡ್ ಅಥವಾ ಜೋರ್ಕಿ, ಅಂದರೆ ಸೋವಿಯತ್ ಲೈಕಾ ನಕಲು. ಎಲ್ಲಾದರೂ "ಮೇಡ್ ಇನ್ ಆಕ್ಯುಪೈಡ್ ಜಪಾನ್" ಎಂದಿದ್ದರೆ ಅದು 1952ರ ಏಪ್ರಿಲ್‌ಗಿಂತ ಹಿಂದಿನ ಮಾಲು.

ಹಳೆಶಟರ್:
ಹೆಸರಿಗಿಂತ ಶಟರ್ ಪರದೆ ಮುಖ್ಯ. ಲೆನ್ಸ್ ಮತ್ತು ತಳದ ಮುಚ್ಚಳ ತೆಗೆದು, ಕತ್ತಲಲ್ಲಿ ಸಣ್ಣ ಟಾರ್ಚನ್ನು ಒಳಗಿಂದ ಪರದೆಗೆ ಹಿಡಿದು ಮುಂದಿನಿಂದ ನೋಡಿ. ಶಟರ್ ಎಳೆದ ಸ್ಥಿತಿಯಲ್ಲೊಮ್ಮೆ, ಬಿಟ್ಟ ಸ್ಥಿತಿಯಲ್ಲೊಮ್ಮೆ ನೋಡಬೇಕು, ಏಕೆಂದರೆ ಎರಡು ಪರದೆಗಳಿವೆ. ಚುಕ್ಕೆ ಬೆಳಕು ಕಂಡರೆ ರಬ್ಬರ್ ಲೇಪ ಒಡೆದಿದೆ, ಅಥವಾ ಲೆನ್ಸನ್ನು ಸೂರ್ಯನ ಕಡೆ ತೆರೆದಿಟ್ಟು ಬಟ್ಟೆ ಸುಟ್ಟಿದೆ. ಒಂದೆರಡು ತೂತಿಗೆ ಕಪ್ಪು ಫ್ಯಾಬ್ರಿಕ್ ಪೇಂಟ್ ತೆಳ್ಳಗೆ ಹಚ್ಚಬಹುದು. ದಪ್ಪ ಹಚ್ಚಿದರೆ ಪರದೆ ಸುತ್ತುವಾಗ ಅಂಟುತ್ತದೆ.

1/500ರಲ್ಲಿ ಫೋಟೊದ ಒಂದು ಬದಿ ಕಪ್ಪಾಗಿ ಬಂದರೆ, ಮೊದಲ ಪರದೆ ನಿಧಾನವಾಗಿ ಎರಡನೆಯದು ಅದನ್ನು ಹಿಂದಿಕ್ಕುತ್ತಿದೆ. ಆಗ ಸ್ಪ್ರಿಂಗ್ ಬಿಗಿ ಮಾಡುವ ರೂಢಿ ಕೆಟ್ಟದ್ದು. ಒಣಗಿದ ಗ್ರೀಸ್ ಅಲ್ಲೇ ಉಳಿಯುತ್ತದೆ, ಪರದೆಗೆ ಹೊರೆ ಹೆಚ್ಚುತ್ತದೆ. ಮೊದಲು ತೊಳೆದು ಹೊಸ ಎಣ್ಣೆ, ಆಮೇಲೆ ಸ್ಪ್ರಿಂಗ್. ಮುಂದಿನ ಸಣ್ಣ ಡಯಲಿನ ನಿಧಾನ ವೇಗಗಳು ನಿಂತುಹೋಗಿದ್ದರೂ ಬಹುಮಟ್ಟಿಗೆ ಒಣಗಿದ ಎಣ್ಣೆಯೇ ಕಾರಣ. ಅಂದಹಾಗೆ, ಶಟರ್ ಎಳೆದ ನಂತರವೇ ವೇಗವನ್ನು ಆರಿಸಿ. ಮೇಲಿನ ಡಯಲು ಶಟರ್ ಜತೆಗೇ ತಿರುಗುವುದರಿಂದ, ಎಳೆಯುವ ಮುಂಚೆ ಅದರ ಗುರುತು ಸರಿಯಾದ ಜಾಗದಲ್ಲಿರುವುದಿಲ್ಲ.

ರೇಂಜ್‌ಫೈಂಡರಿನ ಎರಡನೇ ಬಿಂಬ ಮಸುಕಾಗಿದ್ದರೆ ಅರೆಪಾರಕ ಕನ್ನಡಿಯ ಲೇಪ ಹೋಗಿದೆ. ಹತ್ತಿಯಿಂದ ಒರೆಸಿದರೆ ಉಳಿದದ್ದೂ ಹೋಗುತ್ತದೆ! ಕನ್ನಡಿಯನ್ನೇ ಬದಲಿಸಬೇಕು.

ರೀಲುಗಾರ:
ತಳದಿಂದ ಫಿಲ್ಮ್ ಹಾಕುವಾಗ ಸಿಕ್ಕಿಕೊಳ್ಳುತ್ತದಂತಲ್ಲ?

ಪರದೆ_ಚಕ್ರ:
ಈಗಿನ ರೋಲಿನ ನಾಲಗೆ (ಫಿಲ್ಮಿನ ಕಿರಿದಾದ ಮುಂತುದಿ) ಗಿಡ್ಡ. ಅದನ್ನೇ ಅದೇ ಅಂಚಿನಲ್ಲಿ ಸುಮಾರು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಮೂಲೆ ದುಂಡಗಿರಲಿ, ಕತ್ತರಿ ಫಿಲ್ಮಿನ ಅಂಚಿನ ರಂಧ್ರದ ಮೇಲೆ ಹಾಯಬಾರದು. ಅಗಲ ಭಾಗ ಬೇಗ ಒಳಹೊಕ್ಕರೆ ಹಲ್ಲುಚಕ್ರಕ್ಕೆ ತಾಗಿ ಹರಿಯುತ್ತದೆ, ಆ ಚೂರು ಶಟರಿಗೆ ಸಿಗುತ್ತದೆ. ತಳ ಮುಚ್ಚಿದ ಮೇಲೆ ರಿವೈಂಡ್ ಗುಂಡಿಯಿಂದ ಸಡಿಲ ತೆಗೆದು ಒಂದು ಫ್ರೇಮ್ ಎಳೆಯಿರಿ. ಗುಂಡಿ ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ. 1955ರ ನಿಕ್ಕಾ 5ರಲ್ಲಿ ಬೆನ್ನಿಗೆ ತೆರೆಯುವ ಬಾಗಿಲಿದೆ, ಆ ಫಜೀತಿ ಕಡಿಮೆ.

ಬೆಳಕಿಂಡಿ:
ಕಂಪನಿಯ ಕೊನೆಯನ್ನೂ ಸೇರಿಸುತ್ತೇನೆ. 1958ರಲ್ಲಿ ಯಾಶಿಕಾ ನಿಕ್ಕಾವನ್ನು ಕೊಂಡಿತು. ಯಾಶಿಕಾದ ಹೆಸರು ಅಲ್ಲಿಯವರೆಗೆ ಜೋಡಿ-ಲೆನ್ಸ್ ಕ್ಯಾಮೆರಾಗಳದ್ದು. ಫೋಕಲ್ ಪ್ಲೇನ್ ಶಟರಿನ (ಫಿಲ್ಮಿನ ಎದುರೇ ಪರದೆ ಓಡುವ ಶಟರ್) ಅನುಭವ ನಿಕ್ಕಾದಿಂದ ಬಂತು. ಯಾಶಿಕಾ ವೈಇ, ವೈಎಫ್ ಎರಡೂ ನಿಕ್ಕಾ ಮಾದರಿಗಳ ಮುಂದುವರಿಕೆ, ಹಾಗಾಗಿ ಆ ಹೆಸರಿನ ಸ್ಕ್ರೂ ಮೌಂಟ್ ಕ್ಯಾಮೆರಾ ಸಿಕ್ಕಿದರೆ ಬಿಡಬೇಡಿ.